ಉಸಿರೇ ಕಸುಬಾದ ಬಗೆ

ಪುತ್ತೂರು, ಸುಳ್ಯ, ಕಡಬ ಎಂಬ ಮೂರು ಹೆಸರುಗಳನ್ನು ಇಂದು ನಾವು ಮೂರು ತಾಲೂಕುಗಳೆಂದು ಬೇರೆ ಬೇರೆಯಾಗಿ ಉಚ್ಚರಿಸುತ್ತೇವೆ. ಕಡಬವು ತೀರ ಇತ್ತೀಚಿನವರೆಗೆ ಪುತ್ತೂರಿನ ಮಡಿಲಲ್ಲೇ ಇತ್ತು. ಅದಕ್ಕೂ ಹಿಂದೊಂದು ಕಾಲದಲ್ಲಿ ಸುಳ್ಯವೂ ಅಲ್ಲಿಯೇ ಇತ್ತು. ಈ ಸೀಮೆಯ ಚರಿತ್ರೆಯನ್ನು ಬರೆದವರು 1837ರ ರೈತರ ದಂಗೆಯನ್ನು ಬರೆದಿದ್ದಾರೆ. ಸುಳ್ಯದ ಕಡೆಯಿಂದ ಹೊರಟ ಜನ ಮಂಗಳೂರಿನ ಬಾವುಟಗುಡ್ಡೆಯ ತನಕ ನಡೆದುಹೋದ ಕಥೆ ಅದು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಕಟ್ಟಿದ ಬಾಲವನದ ಕುರಿತು ಬರೆದಿದ್ದಾರೆ. ಅಡಿಕೆಯ ಬೆಲೆ ಬಿದ್ದುದು, 1973ರಲ್ಲಿ ಕ್ಯಾಂಪ್ಕೊ ಹುಟ್ಟಿದುದು, 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟು ಕಾರ್ಖಾನೆ ತೆರೆದುದು ಇವೆಲ್ಲ ಗ್ರಂಥಸ್ಥವಾಗಿವೆ. ಯಕ್ಷಗಾನದ ಮೇಳಗಳ ಬಗೆಗೂ ಕಂಬಳದ ಕೋಣಗಳ ಬಗೆಗೂ ಬರವಣಿಗೆಗೆ ಕೊರತೆಯಿಲ್ಲ. ಕಂಬಳದ ಕೋಣಕ್ಕೆ ಸಿಕ್ಕಿದಷ್ಟು ಚರಿತ್ರಕಾರರು ಕಬಡ್ಡಿಯ ಆಟಗಾರನಿಗೆ ಸಿಗಲಿಲ್ಲ ಎಂಬುದು ಮಾತ್ರ ನನಗೆ ಬಹಳ ದಿನಗಳಿಂದ ಇರುವ ಒಂದು ಕೊರಗು.

ಈ ಭಾಷಣದಲ್ಲಿ ನಾನು ಹೇಳಬೇಕೆಂದಿರುವುದು ಆಟದ ವರ್ಣನೆಯನ್ನಲ್ಲ. ಆಟವನ್ನೇ ಬದುಕಾಗಿ ಮಾಡಿಕೊಂಡವನ ಹೊಟ್ಟೆಪಾಡಿನ ಚರಿತ್ರೆಯನ್ನು. 'ಆಟ ಅನ್ನ ಕೊಡುತ್ತದೆಯೆ?' ಎಂದು ನಮ್ಮ ಮನೆಗಳಲ್ಲಿ ಹಿರಿಯರು ಕೇಳುತ್ತಿದ್ದರು. ಬಯ್ಯುವುದಕ್ಕಾಗಿ ಕೇಳುತ್ತಿದ್ದ ಪ್ರಶ್ನೆ ಅದು; ಉತ್ತರವನ್ನು ಯಾರೂ ನಿರೀಕ್ಷಿಸುತ್ತಿರಲಿಲ್ಲ. ಆದರೆ ಆ ಪ್ರಶ್ನೆಗೆ ಈ ನಾಡಿನಲ್ಲಿ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರಗಳು ದೊರೆತಿವೆ. ಮೊದಲು ಊರು ಉತ್ತರ ಹೇಳಿತು, ಬಳಿಕ ಬ್ಯಾಂಕು ಹೇಳಿತು, ಈಗ ಹರಾಜು ಹೇಳುತ್ತಿದೆ.

ಮೊದಲು ಊರಿನ ಮಾತು. ನಮ್ಮ ಜಿಲ್ಲೆಯ ಬೇಸಾಯವನ್ನು ಬಲ್ಲವರಿಗೆ ಏಣೇಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಹೆಸರು ಗೊತ್ತು. ಬೈಲು ಗದ್ದೆಯಲ್ಲಿ ಮೂರೂ ಬೆಳೆ ಬಂದಾವು, ಮಜಲಿನಲ್ಲಿ ಎರಡು, ಬೆಟ್ಟುಗದ್ದೆಗೆ ಮಳೆಯ ನೀರೇ ಗತಿಯಾದುದರಿಂದ ಏಣೇಲು ಒಂದೇ. ಆ ಒಂದು ಬೆಳೆಯ ಕೊಯ್ಲು ಮುಗಿದರೆ ಗದ್ದೆ ಮುಂದಿನ ಮಳೆಗಾಲದ ತನಕ ಖಾಲಿ. ಆ ಖಾಲಿ ನೆಲವೇ ಮಕ್ಕಳ ಮತ್ತು ತರುಣರ ಕ್ರೀಡಾಂಗಣ. ಕೂಳೆ ಕಾಲಿಗೆ ಚುಚ್ಚದಂತೆ ಒಂದಷ್ಟು ಕೆತ್ತಿ, ಮನೆಯ ಒಲೆಯ ಬೂದಿಯಿಂದ ಗೆರೆ ಎಳೆದರೆ ಅಂಕಣ ಸಿದ್ಧ. ಚೆಂಡು ಬೇಡ, ದಾಂಡು ಬೇಡ, ಬಲೆ ಬೇಡ, ಮೆಟ್ಟು ಕೂಡ ಬೇಡ. ಇಷ್ಟು ಬಡತನದಲ್ಲಿ ಇಷ್ಟು ಉಲ್ಲಾಸವನ್ನು ಕೊಡಬಲ್ಲ ಆಟ ಇನ್ನೊಂದಿಲ್ಲವೆಂದೇ ನನ್ನ ಎಣಿಕೆ. ಜಮೀನು ಯಾರದೋ, ಗೇಣಿ ಯಾರದೋ; ಕೊಯ್ಲಾದ ಮೇಲೆ ಅಂಕಣ ಮಾತ್ರ ಎಲ್ಲರದು.

ಇನ್ನೊಂದು ಸಂಗತಿಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ದಾಳಿಗೆ ಹೋದವನು 'ಕಬಡ್ಡಿ ಕಬಡ್ಡಿ' ಎಂದು ಒಂದೇ ಉಸಿರಿನಲ್ಲಿ ಹೇಳುತ್ತ ಹೋಗಿ, ಉಸಿರು ಕಡಿಯುವ ಮುನ್ನ ಮರಳಬೇಕು. ಉಳಿದ ಆಟಗಳಲ್ಲಿ ಹೊತ್ತನ್ನು ಅಳೆಯುವುದು ಹೊರಗಿನ ಗಡಿಯಾರ. ಕಬಡ್ಡಿಯ ಗಡಿಯಾರ ಆಟಗಾರನ ಎದೆಯೊಳಗಿತ್ತು. ದೊಡ್ಡ ಉಸಿರಿನವನು ಎದುರಾಳಿಗಳ ನಡುವೆ ನಿಂತು ಸಾವಧಾನದಿಂದ ಬೇಟೆಯಾಡುತ್ತಿದ್ದ. ಸಣ್ಣ ಉಸಿರಿನವನು ಮಿಂಚಿನಂತೆ ಮುಟ್ಟಿ ಓಡಿಬರುತ್ತಿದ್ದ. ಉಸಿರು ಕಡಿಯಿತೆ ಇಲ್ಲವೆ ಎಂಬುದನ್ನು ತೀರ್ಮಾನಿಸುವ ಹೊಣೆ ತೀರ್ಪುಗಾರನ ಕಿವಿಯದು. ಎಷ್ಟೋ ಜಗಳಗಳು ಆ ಕಿವಿಯ ಮೇಲೆಯೇ ನಡೆದಿವೆ.

ಈ ಆಟ ಇಲ್ಲಿ ಮಾತ್ರ ಇತ್ತೆಂದು ಹೆಮ್ಮೆಪಡುವುದಕ್ಕೆ ಕಾರಣವಿಲ್ಲ. ಮಹಾರಾಷ್ಟ್ರದವರು ಹುತುತು ಎಂದರು, ತಮಿಳುನಾಡಿನವರು ಸಡುಗುಡು ಎಂದರು. ಅದಕ್ಕೆ ಲಿಖಿತ ನಿಯಮಗಳ ಚೌಕಟ್ಟು ದೊರೆತದ್ದು 1921ರ ಸುಮಾರಿಗೆ ಮಹಾರಾಷ್ಟ್ರದ ಸಾತಾರಾದಲ್ಲಿ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸಿನ ಸಮಯದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಇದನ್ನು ಅಲ್ಲಿ ಆಡಿ ತೋರಿಸಿದರು. 1950ರಲ್ಲಿ ಅಖಿಲ ಭಾರತದ ಒಂದು ಒಕ್ಕೂಟವೂ ಆಯಿತು. ನಮ್ಮ ಗದ್ದೆಯ ಆಟಕ್ಕೆ ಈ ನಿಯಮಗಳು ಬಂದು ಸೇರಿದ್ದು ಶಾಲೆ ಕಾಲೇಜುಗಳ ದಾರಿಯಿಂದ. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು, 1976ರಲ್ಲಿ ಸುಳ್ಯದಲ್ಲಿ ನೆಹರೂ ಮೆಮೋರಿಯಲ್ ಕಾಲೇಜು ಆರಂಭವಾದ ಮೇಲೆ ಹಳ್ಳಿಯ ಹುಡುಗನಿಗೆ ಮನೆಯಿಂದ ಹೋಗಿ ಬರುವಷ್ಟು ದೂರದಲ್ಲಿ ಕಾಲೇಜು ಸಿಕ್ಕಿತು. ಕಾಲೇಜೆಂದರೆ ಪಾಠ ಮಾತ್ರವಲ್ಲವಷ್ಟೆ. ಅಂತರ ಕಾಲೇಜು ಪಂದ್ಯ, ವಿಶ್ವವಿದ್ಯಾಲಯದ ತಂಡ, ಅದರಾಚೆಗೆ ರಾಜ್ಯದ ತಂಡ ಎಂಬ ಏಣಿಯೊಂದು ಕಣ್ಣಿಗೆ ಕಂಡಿತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಬೇರೆಯಾದಾಗ ಆ ಏಣಿಯ ಬುಡ ಇನ್ನಷ್ಟು ಹತ್ತಿರಕ್ಕೆ ಬಂತು.

ಕಾಲೇಜಿನ ಹೊರಗೆ ಊರ ಪಂದ್ಯಾಟಗಳಿದ್ದವು. ಇಂದಿಗೂ ಇವೆ. ಯುವಕ ಮಂಡಲದ ವಾರ್ಷಿಕೋತ್ಸವಕ್ಕೋ ಭಜನಾ ಮಂದಿರದ ಜೀರ್ಣೋದ್ಧಾರದ ಸಹಾಯಾರ್ಥವೋ ಶಾಲೆಯ ಮೈದಾನದಲ್ಲಿ ದೀಪಗಳನ್ನು ಕಟ್ಟಿ, ಸಂಜೆ ಆರಂಭಿಸಿದ ಪಂದ್ಯ ಮುಗಿಯುವಾಗ ಮೂಡಣ ಬೆಳ್ಳಗಾಗುತ್ತದೆ. ತುಳು ಕನ್ನಡಗಳನ್ನು ಬೆರೆಸಿ ಧ್ವನಿವರ್ಧಕದಲ್ಲಿ ವೀಕ್ಷಕ ವಿವರಣೆ ಕೊಡುವವನದೇ ಒಂದು ಕಲೆ. ತಾಳಮದ್ದಳೆಯ ಅರ್ಥಧಾರಿಯ ಗತ್ತು ಅವನಲ್ಲಿ ಎಷ್ಟೋ ಬಾರಿ ಕಂಡಿದೆ. ದೇಹದ ತೂಕದ ಮೇಲೆ ವಿಭಾಗಗಳನ್ನು ಮಾಡುವ ಪದ್ಧತಿ ಬೆಳೆದಮೇಲೆ ಪಂದ್ಯದ ಹಿಂದಿನ ದಿನ ಉಪವಾಸ ಕೂರುವ ಮಲ್ಲರನ್ನೂ ನಾನು ಕಂಡಿದ್ದೇನೆ. ಬಹುಮಾನವೆಂದರೆ ಒಂದು ಫಲಕ, ಒಂದಿಷ್ಟು ನಗದು. ಆ ನಗದು ಏಳೆಂಟು ಪಾಲಾಗಿ, ಬಾಡಿಗೆ ಜೀಪಿನ ಖರ್ಚು ಕಳೆದು, ಬೆಳಗಿನ ಚಹಾ ತಿಂಡಿ ಮುಗಿದ ಮೇಲೆ ಉಳಿಯುವುದೆಷ್ಟು? ಹೆಸರುವಾಸಿಯಾದವನನ್ನು ಬೇರೆ ಊರಿನ ತಂಡದವರು ತಮ್ಮ ಪರವಾಗಿ ಆಡಲು ಕರೆಯುತ್ತಿದ್ದುದುಂಟು. ಅವನ ಕೈಗೆ ಗುಟ್ಟಾಗಿ ಒಂದು ಲಕೋಟೆ ಸೇರುತ್ತಿತ್ತು. ವೃತ್ತಿಪರ ಆಟಗಾರನೆಂಬ ಜಾತಿ ನಮ್ಮಲ್ಲಿ ಮೊದಲು ಹುಟ್ಟಿದ್ದು ಆ ಲಕೋಟೆಯಲ್ಲಿ. ಆದರೆ ಅದು ಬೇಸಗೆಯ ಆದಾಯ. ಮಳೆ ಹಿಡಿದರೆ ಅವನು ಪುನಃ ಅಡಿಕೆ ತೋಟದ ಆಳು, ಇಲ್ಲವೆ ಅಪ್ಪನ ಹಂಗಿನ ಮಗ. ಮಂಡಿ ತಿರುಚಿದರೆ ನಾಟಿ ವೈದ್ಯರ ಎಣ್ಣೆಯೇ ಗತಿ; ಮುಂದಿನ ಬೇಸಗೆಗೆ ಕರೆಯುವವರಿಲ್ಲ. ಊರು ಕೊಟ್ಟ ಉತ್ತರ ಇಷ್ಟು: ಹೆಸರು ಸಾಕಷ್ಟು, ಅನ್ನ ಅಷ್ಟಕ್ಕಷ್ಟೆ.

ಬ್ಯಾಂಕಿನ ಉತ್ತರ ಬೇರೆಯದಾಗಿತ್ತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಏಕೆಂದರೆ ದಕ್ಷಿಣ ಕನ್ನಡದ ಹೊರಗಿನವರಿಗೆ ಬ್ಯಾಂಕಿಗೂ ಕಬಡ್ಡಿಗೂ ಏನು ಸಂಬಂಧವೆಂದು ಸೋಜಿಗವಾದೀತು. ಈ ಜಿಲ್ಲೆ ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿಯೇ ಮುಂದೆ ಸಿಂಡಿಕೇಟ್ ಎಂದು ಹೆಸರಾದ ಬ್ಯಾಂಕು ಹುಟ್ಟಿದವು. 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟಿಯವರೂ ಅವರೊಡನಿದ್ದ ಕೃಷಿಕರೂ ಮಂಗಳೂರಿನಲ್ಲಿ ವಿಜಯಾ ಬ್ಯಾಂಕನ್ನು ಕಟ್ಟಿದರು. ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ಸಿಕ್ಕಿಕೊಂಡಿದ್ದ ಕಾಲದಲ್ಲಿ ಗದ್ದೆಯವರೇ ಕಟ್ಟಿದ ಬ್ಯಾಂಕು ಅದು. 1969ರಲ್ಲಿ ಕೆನರಾ, ಸಿಂಡಿಕೇಟ್ ಬ್ಯಾಂಕುಗಳು, 1980ರಲ್ಲಿ ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳು ರಾಷ್ಟ್ರೀಕರಣವಾದವು.

ಸರಕಾರದ ಸಂಸ್ಥೆಗಳಲ್ಲಿ ಕ್ರೀಡಾಪಟುಗಳಿಗೆಂದು ಕೆಲಸ ಮೀಸಲಿಡುವ ಏರ್ಪಾಡು ಇದ್ದುದರಿಂದ, ರೈಲ್ವೆ, ಪೊಲೀಸು, ಬ್ಯಾಂಕುಗಳು ತಮ್ಮ ತಮ್ಮ ತಂಡಗಳನ್ನು ಕಟ್ಟಿಕೊಂಡವು. ವಿಜಯಾ ಬ್ಯಾಂಕಿನ ಕಬಡ್ಡಿ ತಂಡವೆಂದರೆ ರಾಜ್ಯದ ಪಂದ್ಯಾಟಗಳಲ್ಲಿ ಒಂದು ಗೌರವದ ಹೆಸರು. ಗದ್ದೆಯವರು ಕಟ್ಟಿದ ಬ್ಯಾಂಕು ಗದ್ದೆಯ ಆಟಕ್ಕೆ ಮರಳಿ ಕೊಟ್ಟ ಬಡ್ಡಿಯಿದು ಎಂದು ನಾನು ತಮಾಷೆಗೆ ಹೇಳುವುದುಂಟು.

ಬ್ಯಾಂಕಿನ ನೌಕರಿ ಆಟಗಾರನಿಗೆ ಏನನ್ನು ಕೊಟ್ಟಿತು? ತಿಂಗಳ ಸಂಬಳವನ್ನು ಕೊಟ್ಟಿತೆಂದರೆ ಅರ್ಧ ಹೇಳಿದಂತೆ. ಅದು ಅವನಿಗೆ ಮೂವತ್ತೈದನೆಯ ವಯಸ್ಸಿನ ಆಚೆಗಿನ ಕಾಲವನ್ನು ಕೊಟ್ಟಿತು. ಆಡುವಷ್ಟು ದಿನ ಅಭ್ಯಾಸಕ್ಕೂ ಪಂದ್ಯಕ್ಕೂ ರಜೆ. ಮಂಡಿ ಸೋತ ದಿನ ಮೇಜಿನ ಹಿಂದೆ ಒಂದು ಕುರ್ಚಿ. ನಿನ್ನೆಯ ತನಕ ಹಿಡಿತಕ್ಕೆ ಹೆಸರಾದವನು ಇಂದು ನಿಮ್ಮ ಉಳಿತಾಯ ಖಾತೆಯ ಪುಸ್ತಕದಲ್ಲಿ ಮೊಹರು ಹಾಕುತ್ತಾನೆ. ಸಾಲಿನಲ್ಲಿ ನಿಂತ ಯಾರೋ ಅವನ ಗುರುತು ಹಿಡಿದು ಹಳೆಯ ಪಂದ್ಯವೊಂದರ ಮಾತೆತ್ತಿದರೆ ಅವನ ಮುಖ ಅರಳುತ್ತದೆ, ಹಿಂದಿನವರು ಗೊಣಗುತ್ತಾರೆ. ಕನ್ಯೆ ಕೊಡುವವರು 'ಹುಡುಗ ಕಬಡ್ಡಿ ಆಡುತ್ತಾನಂತೆ' ಎಂದು ಮೂಗು ಮುರಿಯುತ್ತಿದ್ದಲ್ಲಿ 'ಹುಡುಗ ಬ್ಯಾಂಕಿನಲ್ಲಿದ್ದಾನೆ' ಎಂದು ತಲೆದೂಗಿದರು. ಈ ಭಾಗ್ಯ ಎಲ್ಲರಿಗೂ ಬಂತೆಂದಲ್ಲ. ರಾಜ್ಯದ ತಂಡದ ಹೊಸ್ತಿಲು ದಾಟಿದ ಕೆಲವರಿಗಷ್ಟೆ ಬಂತು. ಬಾರದವರು ಮುಂಬಯಿಯ ಬಸ್ಸು ಹತ್ತಿದರು, ಕೊಲ್ಲಿ ದೇಶಗಳಿಗೆ ಹೋದರು, ಅಥವಾ ಊರಿನಲ್ಲೇ ಉಳಿದು ರಬ್ಬರು ಗೀರಿದರು. ಆದರೂ ಒಂದು ಹಳ್ಳಿಯಿಂದ ಒಬ್ಬನಿಗೆ ಬ್ಯಾಂಕಿನ ಕೆಲಸ ಸಿಕ್ಕಿದರೆ ಅದರ ಪರಿಣಾಮವಾಗಿ ಆ ಹಳ್ಳಿಯ ಇಪ್ಪತ್ತು ಹುಡುಗರು ಹತ್ತು ವರ್ಷ ಅಂಕಣ ಬಿಡುತ್ತಿರಲಿಲ್ಲ.

ಈಗ ಸ್ವಲ್ಪ ದೂರದ ಒಂದು ದೇಶಕ್ಕೆ ನಿಮ್ಮನ್ನು ಕರೆದೊಯ್ಯಬೇಕಾಗಿದೆ. ಬಡವರ ಬಿಡುವಿನ ಆಟವೊಂದು ಕಸುಬಾಗಿ ಮಾರ್ಪಟ್ಟಾಗ ಏನಾಗುತ್ತದೆಂಬುದನ್ನು ನಮಗಿಂತ ಮೂವತ್ತಾರು ವರ್ಷ ಮೊದಲೇ ಕಂಡವರು ಇಂಗ್ಲೆಂಡಿನ ಡಾರ್ಟ್ಸ್ ಆಟಗಾರರು. ಗೋಡೆಗೆ ತೂಗಹಾಕಿದ ದುಂಡನೆಯ ಹಲಗೆಗೆ ಎರಡೂಕಾಲು ಮೀಟರಿಗೂ ತುಸು ಹೆಚ್ಚು ದೂರದಿಂದ ಕಿರುಬಾಣಗಳನ್ನು ಎಸೆಯುವ ಆಟ ಇದು. ಒಮ್ಮೆಗೆ ಮೂರು ಬಾಣ. 501ರಿಂದ ಕಳೆಯುತ್ತ ಬಂದು ಸರಿಯಾಗಿ ಸೊನ್ನೆಗೆ ಮುಟ್ಟಿಸಬೇಕು. ಗಣಿಯಲ್ಲಿ, ಕಾರ್ಖಾನೆಯಲ್ಲಿ ದುಡಿದು ದಣಿದವರು ಸಂಜೆ ಪಡಖಾನೆಯಲ್ಲಿ ಬಿಯರು ಕುಡಿಯುತ್ತ ಆಡುತ್ತಿದ್ದ ಆಟವಾದ್ದರಿಂದ ಸಭ್ಯರು ಅದನ್ನು ಕ್ರೀಡೆಯೆಂದೇ ಒಪ್ಪುತ್ತಿರಲಿಲ್ಲ. ನಮ್ಮ ಹಿರಿಯರ ಪ್ರಶ್ನೆಯನ್ನು ಅಲ್ಲಿಯ ಹಿರಿಯರೂ ಕೇಳಿದ್ದರೆಂದು ಬೇರೆ ಹೇಳಬೇಕಿಲ್ಲ.

1970ರ ದಶಕದಲ್ಲಿ ದೂರದರ್ಶನದವರು ಒಂದು ಯುಕ್ತಿ ಕಂಡುಕೊಂಡರು. ತೆರೆಯನ್ನು ಎರಡಾಗಿ ಸೀಳಿ ಒಂದು ಕಡೆ ಎಸೆಯುವವನ ಮುಖ, ಇನ್ನೊಂದು ಕಡೆ ಬಾಣ ನಾಟುವ ಹಲಗೆ. ಸಣ್ಣ ಆಟ ಒಮ್ಮೆಗೇ ದೊಡ್ಡದಾಯಿತು. 1978ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಮೊದಲ ವೃತ್ತಿಪರ ವಿಶ್ವಸ್ಪರ್ಧೆ ನಡೆದು ವೇಲ್ಸಿನ ಲೈಟನ್ ರೀಸ್ ಗೆದ್ದಾಗ ಅವರಿಗೆ ಸಿಕ್ಕ ಬಹುಮಾನ 3,000 ಪೌಂಡು. 1984ರಲ್ಲಿ ಜಾನ್ ಲೋ ಎಂಬವರು ಕೇವಲ 9 ಬಾಣಗಳಲ್ಲಿ 501ನ್ನು ಮುಗಿಸಿ 1,02,000 ಪೌಂಡು ಪಡೆದರು. ಆದರೆ ಆ ದಶಕ ಮುಗಿಯುವಷ್ಟರಲ್ಲಿ ದೂರದರ್ಶನಕ್ಕೆ ಆಟ ಬೇಸರವಾಯಿತು. ವರ್ಷಕ್ಕೊಂದು ವಿಶ್ವಸ್ಪರ್ಧೆಯನ್ನು ಬಿಟ್ಟರೆ ತೆರೆಯ ಮೇಲೆ ಹೆಚ್ಚೇನೂ ಉಳಿಯಲಿಲ್ಲ. ಕೆಲಸ ಬಿಟ್ಟು ಆಟವನ್ನೇ ನೆಚ್ಚಿದವರು ಬೀದಿಗೆ ಬಿದ್ದಂತಾಯಿತು. 1993ರಲ್ಲಿ 16 ಮಂದಿ ಪ್ರಮುಖ ಆಟಗಾರರು ಹಳೆಯ ಸಂಸ್ಥೆಯನ್ನು ತೊರೆದು ತಮ್ಮದೇ ಬೇರೆ ಸಂಸ್ಥೆ ಕಟ್ಟಿಕೊಂಡರು. ಆಟಗಾರರೇ ಒಟ್ಟಾಗಿ ತಮ್ಮ ಅನ್ನದ ದಾರಿಯನ್ನು ಹುಡುಕಿಕೊಂಡರೆಂಬುದನ್ನು ನಾವು ಗಮನಿಸಬೇಕು.

ಆ ಹದಿನಾರು ಮಂದಿಯಲ್ಲಿ ಒಬ್ಬರು ಫಿಲ್ ಟೇಲರ್. ಪಿಂಗಾಣಿಯ ಶೌಚಾಲಯ ಸರಪಣಿಯ ಹಿಡಿ ತಯಾರಿಸುವ ಕಾರ್ಖಾನೆಯಲ್ಲಿ ವಾರಕ್ಕೆ 52 ಪೌಂಡಿಗೆ ದುಡಿಯುತ್ತಿದ್ದವರು. ಆಗಿನ ಪ್ರಸಿದ್ಧ ಆಟಗಾರ ಎರಿಕ್ ಬ್ರಿಸ್ಟೊ ಸಾಲ ಕೊಟ್ಟು ಇವರನ್ನು ಪೂರ್ಣಾವಧಿಯ ಆಟಕ್ಕೆ ತಂದರು. 1990ರ ವಿಶ್ವಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ಟೇಲರ್ ಅದೇ ಬ್ರಿಸ್ಟೊರನ್ನು ಸೋಲಿಸಿದರು. ಸಾಲ ತೀರಿಸುವ ಬಗೆಗಳಲ್ಲಿ ಇದೂ ಒಂದು! ಒಟ್ಟು 16 ಬಾರಿ ವಿಶ್ವಪಟ್ಟ ಗೆದ್ದ ಅವರು 2018ರಲ್ಲಿ ತಮ್ಮ ಕೊನೆಯ ವಿಶ್ವಸ್ಪರ್ಧೆಯ ಅಂತಿಮ ಪಂದ್ಯ ಆಡಿದಾಗ ವಯಸ್ಸು 57. ಏಳು ವರ್ಷಗಳ ನಂತರ, 2025ರಲ್ಲಿ, ಅದೇ ಪಟ್ಟವನ್ನೂ 5,00,000 ಪೌಂಡುಗಳನ್ನೂ ಗೆದ್ದ ಲ್ಯೂಕ್ ಲಿಟ್ಲರನಿಗೆ 17. ಈ ಎರಡು ವಯಸ್ಸುಗಳನ್ನು ನೆನಪಿನಲ್ಲಿಟ್ಟುಕೊಳ್ಳಿ. ಕಬಡ್ಡಿಯ ಆಟಗಾರನಿಗೆ ಇವೆರಡರ ನಡುವೆ ಇರುವ ಕಾಲ ಎಷ್ಟು ಕಿರಿದೆಂಬುದು ಮುಂದೆ ತಿಳಿಯುತ್ತದೆ.

ನಮ್ಮ ಆಟಕ್ಕೆ ಆ ಗಳಿಗೆ ಬಂದದ್ದು 2014ರ ಜುಲೈ ತಿಂಗಳಲ್ಲಿ. ಪ್ರೊ ಕಬಡ್ಡಿ ಲೀಗ್ ಎಂಬ ಪಂದ್ಯಾವಳಿ ಮುಂಬಯಿಯಲ್ಲಿ ಆರಂಭವಾಯಿತು. ಮಣ್ಣಿನ ಬದಲು ರಬ್ಬರಿನ ಹಾಸು. ಬರಿಗಾಲಿನ ಬದಲು ಬೂಟು. ಬೂದಿಯ ಗೆರೆಯ ಬದಲು ಬಣ್ಣದ ಪಟ್ಟಿ. ಎಲ್ಲಕ್ಕಿಂತ ಹೆಚ್ಚಾಗಿ, ದಾಳಿಗೆ 30 ಸೆಕೆಂಡಿನ ಗಡಿಯಾರ. ಆಟಗಾರ ಈಗಲೂ 'ಕಬಡ್ಡಿ' ಎನ್ನಬೇಕು, ನಿಯಮ ಹಾಗೆಯೇ ಇದೆ. ಆದರೆ ಅವನ ಹೊತ್ತನ್ನು ನಿರ್ಧರಿಸುವುದು ಎದೆಯೊಳಗಿನ ಉಸಿರಲ್ಲ, ತೆರೆಯ ಮೂಲೆಯಲ್ಲಿ ಇಳಿಯುವ ಅಂಕಿ. ಇದರಿಂದ ಆಟ ಕೆಟ್ಟಿತೆಂದು ಹೇಳುವ ಹಳಬರ ಗುಂಪಿಗೆ ನಾನು ಸೇರಿದವನಲ್ಲ. ವೇಗ ಹೆಚ್ಚಿತು, ಜಗಳ ಕಡಿಮೆಯಾಯಿತು, ಮನೆಯ ಹೆಂಗಸರೂ ಮಕ್ಕಳೂ ಕುಳಿತು ನೋಡಿದರು.

ಆಟಗಾರರನ್ನು ತಂಡಗಳು ಹರಾಜಿನಲ್ಲಿ ಕೊಂಡವು. ಕಂಬಳದ ಕೋಣಕ್ಕೆ, ಅಡಿಕೆಯ ಮೂಟೆಗೆ ಬೆಲೆ ಕೂಗುವುದನ್ನು ಕಂಡ ನಮಗೆ ಮನುಷ್ಯನಿಗೆ ಬೆಲೆ ಕೂಗುವುದು ಮೊದಲಿಗೆ ಕಸಿವಿಸಿ ಉಂಟುಮಾಡಿತು. ಕ್ರಿಕೆಟ್ಟಿನವರು ಅಷ್ಟರಲ್ಲಿ ಅದನ್ನು ಅಭ್ಯಾಸ ಮಾಡಿಸಿದ್ದರು. 2014ರಲ್ಲಿ ಅತಿ ಹೆಚ್ಚಿನ ಬೆಲೆ ರಾಕೇಶ್ ಕುಮಾರ್ ಎಂಬವರಿಗೆ, 12.80 ಲಕ್ಷ ರೂಪಾಯಿ. 2018ರಲ್ಲಿ ಮೋನು ಗೋಯತ್ ಎಂಬವರಿಗೆ 1.51 ಕೋಟಿ. 2023ರಲ್ಲಿ ಪವನ್ ಸೆಹ್ರಾವತ್ ಅವರಿಗೆ 2.60 ಕೋಟಿಗೂ ಮಿಕ್ಕಿ. ಒಂಬತ್ತು ವರ್ಷಗಳಲ್ಲಿ ಇಪ್ಪತ್ತು ಪಾಲು! ಅಡಿಕೆಗೂ ಇಂಥ ಯೋಗ ಬಂದುದಿಲ್ಲ.

ಈ ಹರಾಜಿನ ಕಟ್ಟೆಯ ಮೇಲೆ ನಿಂತವರಲ್ಲಿ ಪುತ್ತೂರು ತಾಲೂಕಿನ ಪ್ರಶಾಂತ್ ಕುಮಾರ್ ರೈ ಒಬ್ಬರು. ದಾಳಿಗಾರ. 2018ರಲ್ಲಿ ಯು.ಪಿ. ಯೋಧಾ ತಂಡ ಅವರನ್ನು 79 ಲಕ್ಷಕ್ಕೆ ಕೊಂಡಿತು. ಆ ವರ್ಷ ಆ ತಂಡದ ನಾಯಕ ರಿಶಾಂಕ್ ದೇವಾಡಿಗ. ಹೆಸರೇ ಸೂಚಿಸುವಂತೆ ಕರಾವಳಿಯ ಬೇರಿನವರು. ಮುಂಬಯಿಯಲ್ಲಿ ಬೆಳೆದು, ಎಳೆಯ ವಯಸ್ಸಿನಲ್ಲಿ ಹೋಟೆಲಿನಲ್ಲಿ ದುಡಿದು, 1.11 ಕೋಟಿಯ ಆಟಗಾರರಾದವರು. ಉತ್ತರ ಪ್ರದೇಶದ ಹೆಸರಿನ ತಂಡವನ್ನು ಕರಾವಳಿಯವರು ನಡೆಸಿದ ವಿಚಿತ್ರವನ್ನು ಕಂಡು ಆಗ ನಕ್ಕವರಿದ್ದಾರೆ. 2019ರಲ್ಲಿ ಹರಿಯಾಣ ಸ್ಟೀಲರ್ಸ್ ತಂಡ ಪ್ರಶಾಂತ್ ರೈಯವರನ್ನು 77 ಲಕ್ಷಕ್ಕೆ ಪಡೆಯಿತು. ಅದರ ಮುಂದಿನ ಹರಾಜು ನಡೆದದ್ದು, ಸಾಂಕ್ರಾಮಿಕದಿಂದ ಒಂದು ವರ್ಷದ ಆಟವೇ ನಿಂತುಹೋದ ಬಳಿಕ, 2021ರಲ್ಲಿ. ಪಟ್ನಾ ಪೈರೇಟ್ಸ್ ತಂಡ ಅವರನ್ನು ಹಿಂದಿಗಿಂತ ಕಡಿಮೆ ಬೆಲೆಗೆ ಕೊಂಡು ನಾಯಕನನ್ನಾಗಿ ಮಾಡಿತು. ಬೆಲೆ ಇಳಿದು ಸ್ಥಾನ ಏರುವ ಈ ಲೆಕ್ಕ ಪೇಟೆಯ ಗಣಿತಕ್ಕೆ ನಿಲುಕುವುದಿಲ್ಲ.

ಆ ಪಟ್ನಾ ತಂಡದ ಸ್ಥಿತಿಯನ್ನು ತಿಳಿದರೆ ನಾಯಕನ ಹೊಣೆ ಎಂಥದೆಂದು ಗೊತ್ತಾಗುತ್ತದೆ. ಅದಕ್ಕೆ ಸತತ ಮೂರು ಬಾರಿ ಪಟ್ಟ ಗೆಲ್ಲಿಸಿಕೊಟ್ಟ ಪರ್ದೀಪ್ ನರ್ವಾಲ್ 1.65 ಕೋಟಿಗೆ ಯು.ಪಿ. ಯೋಧಾಕ್ಕೆ ಹೋಗಿದ್ದರು. ಉಳಿದ ತಂಡದಲ್ಲಿ ಆ ಎತ್ತರದ ಹೆಸರಿನವರಿರಲಿಲ್ಲ. ಮೂರು ವರ್ಷಗಳ ಹಿಂದೆ ಕೋಟಿಯನ್ನು ದಾಟಿ ದಾಖಲೆ ಮಾಡಿದ್ದ ಮೋನು ಗೋಯತ್, ಅದರ ಒಂದು ಸಣ್ಣ ಅಂಶದ ಬೆಲೆಗೆ, ಅದೇ ತಂಡದಲ್ಲಿದ್ದರು. ಹರಾಜೆಂಬುದು ಏನೆಂದು ತಿಳಿಯಲು ಬೇರೆ ಪಾಠ ಬೇಡ.

2021ರ ಡಿಸೆಂಬರ್ 22ರಿಂದ 2022ರ ಫೆಬ್ರುವರಿ 25ರವರೆಗೆ ಎಲ್ಲ ಪಂದ್ಯಗಳೂ ಬೆಂಗಳೂರಿನ ವೈಟ್‌ಫೀಲ್ಡಿನ ಒಂದು ದೊಡ್ಡ ಹೋಟೆಲಿನ ಒಳಗೇ ನಡೆದವು. ರೋಗದ ಭಯದಿಂದ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಪುತ್ತೂರಿನವನೊಬ್ಬ ತನ್ನದೇ ರಾಜ್ಯದ ರಾಜಧಾನಿಯಲ್ಲಿ, ಬಿಹಾರದ ತಂಡದ ನಾಯಕನಾಗಿ, ಖಾಲಿ ಕುರ್ಚಿಗಳ ಎದುರು ಎರಡು ತಿಂಗಳು ಆಡಿದ. ಊರಿನವರು ಬಸ್ಸು ಮಾಡಿಕೊಂಡು ಹೋಗಬಹುದಾಗಿದ್ದ ದೂರ; ನೋಡಿದ್ದು ಮಾತ್ರ ಮನೆಯ ತೆರೆಯಲ್ಲಿ. ಪಟ್ನಾ ತಂಡ ಲೀಗ್ ಹಂತದಲ್ಲಿ ಎಲ್ಲರಿಗಿಂತ ಮೇಲೆ ನಿಂತಿತು. ಉಪಾಂತ್ಯದಲ್ಲಿ ಎದುರಾದದ್ದು ಪರ್ದೀಪ್ ನರ್ವಾಲ್ ಅವರ ಯು.ಪಿ. ತಂಡವೇ, 38-27ರಿಂದ ಅದನ್ನು ಸೋಲಿಸಿತು. ಅಂತಿಮ ಪಂದ್ಯದಲ್ಲಿ ದಬಂಗ್ ದೆಹಲಿಯ ಎದುರು ಅರ್ಧದ ಹೊತ್ತಿಗೆ ಮುಂದಿದ್ದರೂ 36-37ರಿಂದ ಸೋತಿತು. ಒಂದು ಅಂಕ. ಗದ್ದೆಯ ಕಾಲದಲ್ಲಾದರೆ ಆ ಒಂದು ಅಂಕದ ಮೇಲೆ ಹತ್ತು ವರ್ಷ ಚಹಾದಂಗಡಿಯಲ್ಲಿ ವಾದ ನಡೆಯುತ್ತಿತ್ತು. ಈಗ ಮುಂದಿನ ಋತುವಿನ ಹರಾಜು ಬಂದರೆ ಹಿಂದಿನದನ್ನು ನೆನೆಯುವವರು ಕಡಿಮೆ.

ಹೆಣ್ಣುಮಕ್ಕಳ ಮಾತನ್ನು ಬಿಟ್ಟರೆ ಈ ಕಥೆ ಅರ್ಧವಾಗುತ್ತದೆ. ನಮ್ಮ ಪಕ್ಕದ ಉಡುಪಿ ಜಿಲ್ಲೆಯ ಕಾರ್ಕಳ ಸೀಮೆಯ ಮಮತಾ ಪೂಜಾರಿ 2010ರಲ್ಲಿ ಗುವಾಂಗ್‌ಝೌ, 2014ರಲ್ಲಿ ಇಂಚಿಯಾನ್, ಎರಡೂ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 2012ರಲ್ಲಿ ಪಟ್ನಾದಲ್ಲಿ ನಡೆದ ಮಹಿಳೆಯರ ವಿಶ್ವಕಪ್ಪನ್ನು ನಾಯಕಿಯಾಗಿ ಗೆದ್ದರು. 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಕರಾವಳಿಯ ಯಾವ ಗಂಡು ಆಟಗಾರನಿಗೂ ಇಷ್ಟು ಎತ್ತರ ದಕ್ಕಿಲ್ಲವೆಂದೇ ಹೇಳಬೇಕು. ಅವರಿಗೆ ಅನ್ನ ಕೊಟ್ಟದ್ದು ದಕ್ಷಿಣ ಮಧ್ಯ ರೈಲ್ವೆಯ ನೌಕರಿ. 2016ರಲ್ಲಿ ಪುರುಷರ ಲೀಗಿನ ಜೊತೆಯಲ್ಲಿ ಮಹಿಳೆಯರಿಗೂ ಮೂರು ತಂಡಗಳ ಒಂದು ಚಿಕ್ಕ ಪಂದ್ಯಾವಳಿಯನ್ನು ಮಾಡಿದರು. ಮಮತಾ ನಾಯಕಿಯಾಗಿದ್ದ ಫೈರ್ ಬರ್ಡ್ಸ್ ತಂಡ ಅಂತಿಮ ಪಂದ್ಯದಲ್ಲಿ 23-24ರಿಂದ ಸೋತಿತು. ಅಲ್ಲಿಯೂ ಒಂದೇ ಅಂಕ. ಮರುವರ್ಷ ಆ ಪಂದ್ಯಾವಳಿಯೇ ನಡೆಯಲಿಲ್ಲ. ಇಂಗ್ಲೆಂಡಿನ ಡಾರ್ಟ್ಸಿಗೆ ಹತ್ತು ವರ್ಷಗಳ ಮೇಲೆ ಬಂದ ಬೇಸರ ಇಲ್ಲಿ ಹೆಣ್ಣುಮಕ್ಕಳ ಪಾಲಿಗೆ ಒಂದೇ ವರ್ಷದಲ್ಲಿ ಬಂತು. ರೈಲ್ವೆಯ ಸಂಬಳವಿಲ್ಲದೆ ಹರಾಜನ್ನೇ ನಂಬಿಕೊಂಡಿದ್ದರೆ ಆ ಹೆಣ್ಣುಮಗಳ ಗತಿ ಏನಾಗುತ್ತಿತ್ತೆಂದು ಯೋಚಿಸಿದಾಗ ಹಳೆಯ ಏರ್ಪಾಡಿನ ಬೆಲೆ ನನಗೆ ತಿಳಿಯುತ್ತದೆ.

ಆ ಏರ್ಪಾಡಿನಲ್ಲಿ ನಮ್ಮವೆನ್ನಬಹುದಾಗಿದ್ದ ಬ್ಯಾಂಕುಗಳು ಇಂದು ಎಲ್ಲಿವೆ? 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ ಕರಗಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ಪುತ್ತೂರಿನ ಹುಡುಗ 79 ಲಕ್ಷಕ್ಕೆ ಹರಾಜಾದ ಮರುವರ್ಷವೇ ಗದ್ದೆಯವರ ಬ್ಯಾಂಕಿನ ನಾಮಫಲಕ ಇಳಿಯಿತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಘಟನೆಗಳು ನಿಜ. ಆದರೆ ಆಟಗಾರನ ಬದುಕಿನ ಲೆಕ್ಕದಲ್ಲಿ ಇವೆರಡೂ ಒಂದೇ ಪುಟದ ಜಮೆ ಮತ್ತು ಖರ್ಚು. ಲಕ್ಷಗಳು ಬಂದವು, ಕುರ್ಚಿ ಹೋಯಿತು.

ಡಾರ್ಟ್ಸಿನವನು ಐವತ್ತೇಳರಲ್ಲೂ ಆಡಬಲ್ಲ. ಅವನಿಗೆ ಬೇಕಾದದ್ದು ನಡುಗದ ಕೈ, ಚಂಚಲವಾಗದ ಕಣ್ಣು. ಕಬಡ್ಡಿಯವನ ಬಂಡವಾಳ ಮಂಡಿ, ಹೆಗಲು, ಹಿಮ್ಮಡಿಯ ಕೀಲು. ಏಳು ಜನ ಒಟ್ಟಿಗೆ ಮೇಲೆ ಬಿದ್ದಾಗ ಅವು ತಾಳುವುದು ಎಷ್ಟು ವರ್ಷ? ಇಪ್ಪತ್ತರಲ್ಲಿ ಬೆಳಕಿಗೆ ಬಂದವನಿಗೆ ಮೂವತ್ತಮೂರು ಮೂವತ್ತನಾಲ್ಕು ಆಗುವಷ್ಟರಲ್ಲಿ ಸಂಜೆ. ಹರಾಜಿನ ಹಣದಿಂದ ಮನೆ ಕಟ್ಟಿದವರಿದ್ದಾರೆ, ತೋಟ ಕೊಂಡವರಿದ್ದಾರೆ, ಕೆಲವರು ತರಬೇತಿದಾರರಾಗಿದ್ದಾರೆ. ಆದರೆ ಒಂದು ತಂಡದಲ್ಲಿ ಕೋಟಿಯವನೊಬ್ಬನಿದ್ದರೆ ಅದರ ಬೆಂಚಿನ ಮೇಲೆ ಕೆಲವೇ ಲಕ್ಷಗಳಿಗೆ ಕುಳಿತವರೂ ಇರುತ್ತಾರೆ. ಮುಂದಿನ ವರ್ಷ ಯಾರೂ ಕೂಗದಿದ್ದರೆ ಅವರ ಲೆಕ್ಕ ಅಲ್ಲಿಗೆ ಮುಗಿಯಿತು. ಬ್ಯಾಂಕು ಹತ್ತು ಜನರಿಗೆ ಸಣ್ಣ ಅನ್ನವನ್ನು ಅರವತ್ತರ ತನಕ ಕೊಟ್ಟಿತು. ಹರಾಜು ಒಬ್ಬನಿಗೆ ಹಬ್ಬದೂಟವನ್ನು ನಾಲ್ಕಾರು ವರ್ಷ ಕೊಡುತ್ತದೆ. ಇವೆರಡರಲ್ಲಿ ಒಂದನ್ನೇ ಆರಿಸಿಕೊಳ್ಳೆಂದರೆ ಇಂದಿನ ಹುಡುಗ ಹಬ್ಬವನ್ನೇ ಆರಿಸಿಯಾನು; ನಾನಾದರೆ ಕುರ್ಚಿಯನ್ನು ಆರಿಸುತ್ತಿದ್ದೆ.

ಅಂಕಣವೂ ಬದಲಾಗಿದೆ. ಬೆಟ್ಟುಗದ್ದೆಗಳು ಅಡಿಕೆ ತೋಟಗಳಾದವು, ರಬ್ಬರು ಗುಡ್ಡಗಳಾದವು. ಕೊಯ್ಲಿನ ನಂತರ ಖಾಲಿ ಬೀಳುವ ನೆಲ ಈಗ ಹುಡುಕಿದರೂ ಸಿಗದು. ಪಂದ್ಯಾಟಕ್ಕೆ ರಬ್ಬರಿನ ಹಾಸನ್ನೇ ಬಾಡಿಗೆಗೆ ತರುತ್ತಾರೆ. ಹೋದ ಬೇಸಗೆಯಲ್ಲಿ ಕಡಬದ ಕಡೆಯ ಒಂದು ಶಾಲೆಯ ಮೈದಾನದಲ್ಲಿ ಅದನ್ನು ಲಾರಿಯಿಂದ ಇಳಿಸುತ್ತಿದ್ದುದನ್ನು ಕಂಡೆ. ಒಂದೊಂದೇ ತುಂಡನ್ನು ಹಲ್ಲಿಗೆ ಹಲ್ಲು ಕೂಡಿಸಿ ಜೋಡಿಸಿದರು. ಮೊದಲ ಪಂದ್ಯದಲ್ಲಿ ಹದಿನಾರು ಹದಿನೇಳರ ಒಬ್ಬ ಹುಡುಗ ದಾಳಿಗೆ ಬಂದ. ಗಡಿಯಾರದವರು ಸೆಕೆಂಡು ಎಣಿಸುತ್ತಲೇ ಇದ್ದರು. ಅಷ್ಟರಲ್ಲಿ ಹಳೆಯ ತಲೆಮಾರಿನ ತೀರ್ಪುಗಾರನೊಬ್ಬ ಸೀಟಿಯನ್ನು ತುಟಿಯಲ್ಲಿಟ್ಟುಕೊಂಡು, ಬಗ್ಗಿ, ಹುಡುಗನ ಬಾಯಿಯ ಹತ್ತಿರ ಕಿವಿ ಹಿಡಿದು ಅವನ ಹಿಂದೆ ಹಿಂದೆಯೇ ನಡೆಯುತ್ತಿದ್ದ.